ಉಸಿರು ಹಿಡಿಯುವ ಅಧ್ಯಾಯ

ಚಾಂಪಿಯನ್ ರೀಫ್ಸ್
12 ಜೂನ್ 2023

ಮಾನ್ಯ ಮಾರ್ಗದರ್ಶಕರಿಗೆ ನಮಸ್ಕಾರಗಳು.

ಯೋಗ ಶಿಕ್ಷಕರ ಅಂಚೆ ತರಬೇತಿಯ ಮೊದಲ ಉತ್ತರಪತ್ರಿಕೆಯನ್ನು ಇದರೊಂದಿಗೆ ಇಟ್ಟಿದ್ದೇನೆ. ಮಾರ್ಗದರ್ಶಕರ ಹೆಸರು, ಊರು, ಫೋನ್ ನಂಬರು ವಿದ್ಯಾರ್ಥಿಗಳಿಗೆ ಕೊಡುವುದಿಲ್ಲ; ಏನೇ ಕೇಳುವುದಿದ್ದರೂ ಕಾಗದದಲ್ಲಿ ಬರೆದು ಕೇಂದ್ರದ ಕಚೇರಿಗೆ ಕಳಿಸಬೇಕು, ಅಲ್ಲಿಂದ ತಮಗೆ ಮುಟ್ಟಿಸುತ್ತಾರೆ ಎಂದು ನಿಯಮದ ಹಾಳೆಯಲ್ಲಿದೆ. ಹಾಗಾಗಿ ತಾವು ಯಾರೆಂದು ತಿಳಿಯದೆಯೇ ಬರೆಯುತ್ತಿದ್ದೇನೆ. ತಮ್ಮ ಸಂಖ್ಯೆ ಏಳು ಎಂದಷ್ಟೇ ಗೊತ್ತು.

ನನ್ನ ಹೆಸರು ಇಂದ್ರಾಣಿ. ವಯಸ್ಸು ನಲವತ್ತೆರಡು. ಹುಟ್ಟಿದ್ದು ಬಂಗಾರಪೇಟೆ ಹತ್ತಿರದ ಹಳ್ಳಿ, ಮದುವೆಯಾಗಿ ಬಂದದ್ದು ಇಲ್ಲಿಗೆ. ನಾನು ಬಂದ ವರ್ಷವೇ ಚಿನ್ನದ ಗಣಿ ಮುಚ್ಚಿತು. ಸೊಸೆ ಕಾಲಿಟ್ಟ ಗಳಿಗೆ ಎಂದು ನಮ್ಮತ್ತೆ ಸಾಯುವವರೆಗೂ ಹೇಳುತ್ತಿದ್ದರು. ಯಜಮಾನರು ಮುನೀಂದ್ರ, ಬೆಂಗಳೂರಿನಲ್ಲಿ ಕಾವಲು ಕೆಲಸ. ವಾರವೆಲ್ಲ ಅಲ್ಲೇ ಇದ್ದು ಭಾನುವಾರ ಬರುತ್ತಾರೆ. ಮಕ್ಕಳಿಲ್ಲ. ಸೊಂಟದ ನೋವಿಗೆಂದು ರಾಬರ್ಟ್‌ಸನ್‌ಪೇಟೆಯ ಯೋಗ ಶಿಬಿರಕ್ಕೆ ಹೋದವಳು, ನೋವು ಹೋದ ಮೇಲೂ ಬಿಡಲಿಲ್ಲ. ಕಣ್ಣು ಮುಚ್ಚಿ ಕೂತಾಗ, ಮನೆಯಲ್ಲಿ ಯಾರೂ ಇಲ್ಲ ಅನ್ನುವುದು ಕೊರತೆಯಂತೆ ಕಾಣುವುದಿಲ್ಲ.

ಐದು ಜನರಿಗೆ ಅರವತ್ತು ತರಗತಿ ಪಾಠ ಮಾಡಿ ದಾಖಲೆ ಪುಸ್ತಕ ಒಪ್ಪಿಸಬೇಕಲ್ಲ, ಆ ಐದು ಜನ ಸಿಕ್ಕಿದ್ದಾರೆ. ಎಲ್ಲರೂ ಗಣಿಯಲ್ಲಿ ದುಡಿದು ಬಿಟ್ಟವರು. ಗಣಿ ಕಾರ್ಮಿಕರಿಗೆಂದು ಸಾಲಾಗಿ ಕಟ್ಟಿದ ಲೈನ್ ಮನೆಗಳ ಕೊನೆಯಲ್ಲಿ ಒಂದು ಖಾಲಿ ಶೆಡ್ಡಿದೆ, ಅಲ್ಲೇ ಬೆಳಗ್ಗೆ ಸೇರುತ್ತೇವೆ. ಅವರಲ್ಲಿ ಶ್ರೀರಾಮಪ್ಪ ಅಂತ ಅರವತ್ತೇಳು ವರ್ಷದ ತಾತ. ಇಪ್ಪತ್ತಾರು ವರ್ಷ ನೆಲದ ಕೆಳಗೆ ಬಂಡೆ ಕೊರೆದವರು. ಕರೆಯಲು ಹೋದಾಗ, "ಏನಮ್ಮ ಕಲಿಸ್ತೀಯಾ?" ಅಂದರು. "ಉಸಿರಾಡೋದು ತಾತ" ಅಂದೆ. "ಅದ್ನ ಮರ್ತೋಗಿ ಇಪ್ಪತ್ತೊರ್ಸ ಆಯ್ತು. ಬತ್ತೀನಿ ನಡಿ" ಎಂದು ಚಪ್ಪಲಿ ಮೆಟ್ಟಿಕೊಂಡೇ ಬಿಟ್ಟರು.

ಒಂದು ಅನುಮಾನ. ಪಠ್ಯದ ಆರನೇ ಅಧ್ಯಾಯದಲ್ಲಿ ಉಸಿರು ಒಳಗೆ ಹಿಡಿದು ಎಂಟರವರೆಗೆ ಎಣಿಸುವ ಅಭ್ಯಾಸವಿದೆ. ತಾತನಿಗೆ ಗಣಿ ಧೂಳಿನ ಕಾಯಿಲೆ. ಮೆಟ್ಟಿಲು ಹತ್ತಿದರೆ ಕೆಮ್ಮು. ಅವರಿಗೆ ಇದನ್ನು ಕಲಿಸಬಹುದೇ?

ಇತಿ,
ಇಂದ್ರಾಣಿ

*

3 ಜುಲೈ 2023

ಶ್ರೀಮತಿ ಇಂದ್ರಾಣಿಯವರಿಗೆ,

ಉತ್ತರಪತ್ರಿಕೆ ಪರಿಶೀಲಿಸಿದೆ. ಐವತ್ತನಾಲ್ಕು ಅಂಕ.

ವೈರಾಗ್ಯದ ಪ್ರಶ್ನೆಗೆ ನೀವು ಒಂದು ಪುಟ ಬರೆದಿದ್ದೀರಿ. ಪಠ್ಯದಿಂದ ಎತ್ತಿಕೊಳ್ಳದ ವಾಕ್ಯ ಅದರಲ್ಲಿ ಒಂದೇ: "ಯಾರೂ ಬರುವುದಿಲ್ಲ ಎಂದು ಗೊತ್ತಾದ ಮೇಲೆ ಬಾಗಿಲ ಕಡೆ ನೋಡುವುದು ನಿಲ್ಲುತ್ತದೆ, ಅದೇ ವೈರಾಗ್ಯ." ಈ ವಾಕ್ಯ ತಪ್ಪು. ನೀವು ಹೇಳುತ್ತಿರುವುದು ಬೇಸರ. ಬೇಸರದಲ್ಲಿ ಬಯಕೆ ಸೋತು ಕೂತಿರುತ್ತದೆ, ಹೋಗಿರುವುದಿಲ್ಲ. ಬಾಗಿಲು ಸದ್ದಾದರೆ ಮತ್ತೆ ಎದ್ದು ನಿಲ್ಲುತ್ತದೆ. ಆದರೂ ನಿಮ್ಮ ತಪ್ಪನ್ನು ನೀವೇ ಮಾಡಿದ್ದೀರಿ, ಅದಕ್ಕೆ ನಾಲ್ಕು ಅಂಕ ಹೆಚ್ಚು ಕೊಟ್ಟಿದ್ದೇನೆ. ಮುಂದಿನ ಪತ್ರಿಕೆಯಲ್ಲಿ ಉದಾಹರಣೆಗಳು ಸ್ವಂತದ್ದಾಗಿರಲಿ.

ನಿಮ್ಮ ಅನುಮಾನದ ಬಗ್ಗೆ: ಆರನೇ ಅಧ್ಯಾಯದ ಕ್ರಮವನ್ನೇ ಅನುಸರಿಸಿ. ಎರಡರಿಂದ ಆರಂಭಿಸಿ, ನಾಲ್ಕು ದಿನಕ್ಕೊಂದರಂತೆ ಏರಿಸಿ, ಎಂಟಕ್ಕೆ ನಿಲ್ಲಿಸುವುದು. ಆರಂಭದ ಕೆಮ್ಮು ಅಭ್ಯಾಸವಿಲ್ಲದ ದೇಹದ ಪ್ರತಿರೋಧ, ಅದಕ್ಕೆ ಅಂಜಬೇಕಿಲ್ಲ. ಪಠ್ಯ ಬಿಟ್ಟು ಸ್ವಂತ ಪ್ರಯೋಗ ಬೇಡ.

ಮಾರ್ಗದರ್ಶಕ, ಸಂಖ್ಯೆ 7

*

ಚಾಂಪಿಯನ್ ರೀಫ್ಸ್
30 ಜುಲೈ 2023

ಪೂಜ್ಯರೇ,

ಈ ಸಲ ಪಠ್ಯಪುಸ್ತಕ ಮುಚ್ಚಿಟ್ಟು ಬರೆದಿದ್ದೇನೆ. ಮನಸ್ಸಿನ ಐದು ಚಲನೆಗಳಿಗೆ ಉದಾಹರಣೆ ಕೇಳಿದ್ದೀರಿ. ಸರಿಯಾದ ತಿಳಿವು ಅಂದರೆ, ಸಂಜೆ ಏಳರ ಗಾಡಿಯ ಸದ್ದು ಕೇಳಿ ಏಳು ಗಂಟೆಯಾಯಿತು ಎಂದು ತಿಳಿಯುವುದು. ತಪ್ಪು ತಿಳಿವು, ಯಜಮಾನರು ಅದರಲ್ಲಿ ಬಂದಿರಬಹುದೆಂದು ಇಬ್ಬರಿಗೆ ಅಕ್ಕಿ ತೊಳೆಯುವುದು. ಕಲ್ಪನೆ, ಬಂದವರು ಕೂತು ನನ್ನ ಜೊತೆ ಮಾತಾಡುತ್ತಾರೆ ಅನ್ನುವುದು. ನಿದ್ದೆಗೆ ಉದಾಹರಣೆ ನಮ್ಮ ಮನೆಯ ಭಾನುವಾರ. ನೆನಪು ಅಂದರೆ, ಹೊಸದರಲ್ಲಿ ನಾವಿಬ್ಬರೂ ಸಿನಿಮಾಕ್ಕೆಂದು ಬಂಗಾರಪೇಟೆಗೆ ಹೋಗಿ, ಮಳೆಗೆ ಸಿಕ್ಕಿ, ಸಿನಿಮಾ ನೋಡದೆ ಸ್ಟೇಷನ್ನಿನಲ್ಲೇ ಕೂತು ಕಡಲೆಕಾಯಿ ತಿಂದು ಬಂದದ್ದು. ಯಜಮಾನರಿಗೆ ಅದು ಮರೆತಿದೆ.

ತಾವು ಹೇಳಿದ ಕ್ರಮದಲ್ಲೇ ಉಸಿರು ಹಿಡಿಯುವುದನ್ನು ಶುರು ಮಾಡಿದೆ. ಶ್ರೀರಾಮಪ್ಪ ತಾತ ಐದಕ್ಕೆ ಬಂದಿದ್ದಾರೆ. ನಾಲ್ಕು ಎಣಿಸುವಾಗಲೇ ಉಳಿದವರು ಬಿಟ್ಟುಬಿಡುತ್ತಾರೆ, ಇವರು ಬಿಡುವುದಿಲ್ಲ. "ಕೆಳಗಡೆ ಬಂಡೆ ಒಡೆದಾಗ ಮದ್ದಿನ ಒಗೆ ಬರೋದು, ಆಗ ಮೂಗು ಮುಚ್ಕಂಡು ಎಷ್ಟು ಎಣಿಸ್ತಿದ್ವಿ ಗೊತ್ತಾ ಟೀಚರಮ್ಮ?" ಎನ್ನುತ್ತಾರೆ. ಟೀಚರಮ್ಮ ಎಂದು ನನ್ನನ್ನು ಕರೆದವರು ಅವರೇ ಮೊದಲು. ಅವರು ಹಾಗೆ ಕರೆದ ದಿನ ಮನೆಗೆ ಬಂದು ಕನ್ನಡಿ ನೋಡಿಕೊಂಡೆ.

ಇತಿ,
ಇಂದ್ರಾಣಿ

*

ಚಾಂಪಿಯನ್ ರೀಫ್ಸ್
12 ಆಗಸ್ಟ್ 2023

ಪೂಜ್ಯರೇ,

ಉತ್ತರಪತ್ರಿಕೆ ಇಲ್ಲದೆ ಬರೀ ಕಾಗದ ಬರೆಯುತ್ತಿದ್ದೇನೆ, ಕಚೇರಿಯವರು ದಯವಿಟ್ಟು ಬೇಗ ಮುಟ್ಟಿಸಬೇಕು.

ಆರಕ್ಕೆ ಬಂದಾಗ ಶ್ರೀರಾಮಪ್ಪ ತಾತನಿಗೆ ತಲೆ ತಿರುಗುತ್ತಿದೆ. ಉಗುರಿನ ಬಣ್ಣ ನೇರಳೆ ಹಣ್ಣು ತಿಂದವರ ತುಟಿಯಂತೆ ಕಾಣುತ್ತದೆ. ನಿಲ್ಲಿಸೋಣ ಎಂದರೆ ತಾತ ಕೇಳುವುದಿಲ್ಲ. ನಿಲ್ಲಿಸಲೇ? ನಿಲ್ಲಿಸಿದರೆ ಕ್ರಮ ತಪ್ಪಿದಂತಾಗುತ್ತದೆಯೇ? ಒಂದು ಸಾಲು ಬರೆದರೂ ಸಾಕು.

ಇಂದ್ರಾಣಿ

*

29 ಆಗಸ್ಟ್ 2023

ಶ್ರೀಮತಿ ಇಂದ್ರಾಣಿಯವರಿಗೆ,

ಜುಲೈ ಮೂವತ್ತರ ನಿಮ್ಮ ಪತ್ರಿಕೆ ಕಚೇರಿಯಿಂದ ನಿನ್ನೆ ಕೈಸೇರಿತು. ಅರವತ್ತೆಂಟು ಅಂಕ. ಏಳರ ಗಾಡಿ ಏಳಕ್ಕೇ ಬರುವುದು ಅಪರೂಪವಾದ್ದರಿಂದ ನಿಮ್ಮ ಮೊದಲ ಉದಾಹರಣೆಯೂ ತಪ್ಪು ತಿಳಿವೇ ಆಗುತ್ತದೆ, ಅಲ್ಲವೇ? ನಿದ್ದೆಗೆ ಕೊಟ್ಟ ಉದಾಹರಣೆ ಓದಿ ನಕ್ಕೆ. ಆಮೇಲೆ ನಗಬಾರದಿತ್ತು ಅನ್ನಿಸಿತು.

ಇಷ್ಟು ವರ್ಷಗಳಲ್ಲಿ ನೂರಾರು ಉತ್ತರಪತ್ರಿಕೆ ತಿದ್ದಿದ್ದೇನೆ. ಅವುಗಳಲ್ಲಿ ಮನುಷ್ಯರು ಸಿಗುವುದಿಲ್ಲ. ನಿಮ್ಮದರಲ್ಲಿ ಸಿಗುತ್ತಾರೆ. ಹೀಗೇ ಬರೆಯಿರಿ, ಉದ್ದವಾದರೂ ಚಿಂತೆಯಿಲ್ಲ.

ಶ್ರೀರಾಮಪ್ಪನವರ ಛಲ ಮೆಚ್ಚತಕ್ಕದ್ದು. ಎಂಟಕ್ಕೆ ಮುಟ್ಟಿಸಿ. ಮುಟ್ಟಿದ ದಿನ ನನಗೆ ತಿಳಿಸಿ.

ಮಾರ್ಗದರ್ಶಕ, ಸಂಖ್ಯೆ 7

*

ಚಾಂಪಿಯನ್ ರೀಫ್ಸ್
25 ಸೆಪ್ಟೆಂಬರ್ 2023

ಮಾನ್ಯರೇ,

ಅರವತ್ತು ತರಗತಿಗಳ ದಾಖಲೆ ಪುಸ್ತಕ ಕಳಿಸಿದ್ದೇನೆ. ವಿದ್ಯಾರ್ಥಿಗಳು ಐದು. ಹಾಜರಿ ಪೂರ್ತಿ ಇದೆ.

ಇಂದ್ರಾಣಿ

*

20 ಅಕ್ಟೋಬರ್ 2023

ಇಂದ್ರಾಣಿಯವರೇ,

ದಾಖಲೆ ಪುಸ್ತಕ ಚೊಕ್ಕವಾಗಿದೆ. ತೊಂಬತ್ತೊಂದು ಅಂಕ. ಹೊಸ ವಿದ್ಯಾರ್ಥಿಗಳಿಗೆ ಮಾದರಿಯಾಗಿ ತೋರಿಸಲು ಕೇಂದ್ರಕ್ಕೆ ಶಿಫಾರಸು ಮಾಡಿದ್ದೇನೆ.

ಆಗಸ್ಟ್ ಹನ್ನೆರಡರ ನಿಮ್ಮ ತುರ್ತು ಕಾಗದವನ್ನು ಕಚೇರಿಯವರು ಈ ಪುಸ್ತಕದ ಜೊತೆಯಲ್ಲೇ ಕಳಿಸಿದ್ದಾರೆ! ಓದಿ ಗಾಬರಿಯಾಯಿತು. ಕೂಡಲೇ ಹಾಜರಿ ನೋಡಿದೆ. ಶ್ರೀರಾಮಪ್ಪನವರು ಕೊನೆಯ ತರಗತಿಯವರೆಗೂ ಬಂದಿದ್ದಾರೆ, ತೊಂದರೆ ಕಳೆಯಿತೆಂದು ಸಮಾಧಾನವಾಯಿತು.

ಆದರೆ ಈ ಸಲದ ಕಾಗದ ಯಾಕೆ ಇಷ್ಟು ಚಿಕ್ಕದು? ನನ್ನ ಯಾವುದಾದರೂ ಮಾತು ನೋಯಿಸಿತೇ? ತಾತ ಎಂಟಕ್ಕೆ ಮುಟ್ಟಿದರೇ?

ಮಾರ್ಗದರ್ಶಕ, ಸಂಖ್ಯೆ 7

*

ಚಾಂಪಿಯನ್ ರೀಫ್ಸ್
14 ಜನವರಿ 2024

ಪೂಜ್ಯರೇ,

ಮೂರು ತಿಂಗಳು ನಿಮ್ಮ ಕಾಗದಕ್ಕೆ ಉತ್ತರ ಬರೆಯಲಿಲ್ಲ. ನಾಲ್ಕು ಸಲ ಬರೆದು ಹರಿದೆ. ಅಂತಿಮ ಪತ್ರಿಕೆಯಲ್ಲಿ ಸತ್ಯದ ಬಗ್ಗೆ ಪ್ರಶ್ನೆ ಇದೆಯಂತೆ. ಅದನ್ನು ಬರೆಯುವುದಕ್ಕೆ ಮುಂಚೆ ಇದನ್ನು ಬರೆಯಬೇಕು.

ಶ್ರೀರಾಮಪ್ಪ ತಾತ ಇಲ್ಲ. ಸೆಪ್ಟೆಂಬರ್ ಒಂಬತ್ತಕ್ಕೆ ತೀರಿಕೊಂಡರು.

ಆಗಸ್ಟ್ ಇಪ್ಪತ್ತನಾಲ್ಕು, ಗುರುವಾರ. ಹಿಂದಿನ ಸಂಜೆ ಚಂದ್ರನ ಮೇಲೆ ನಮ್ಮ ನೌಕೆ ಇಳಿದಿತ್ತು. ಶೆಡ್ಡಿನಲ್ಲಿ ಎಲ್ಲರ ಬಾಯಲ್ಲೂ ಅದೇ. ತಾತ ಮಾತ್ರ, "ನಾವು ದಿನಾ ಎರಡು ಮೈಲಿ ಕೆಳಕ್ಕೆ ಇಳೀತಿದ್ವಿ, ಯಾವ್ನು ಟೀವಿಲಿ ತೋರಿಸ್ದ?" ಎಂದು ಎಲ್ಲರನ್ನೂ ನಗಿಸಿದರು. ಅವರು ಅಷ್ಟು ಖುಷಿಯಾಗಿದ್ದದ್ದನ್ನು ನಾನು ನೋಡಿರಲಿಲ್ಲ. ಉಸಿರು ಹಿಡಿಯುವ ಸರದಿ ಬಂತು. ನಿಮ್ಮ ಉತ್ತರ ಬಂದಿರಲಿಲ್ಲ. "ತಾತ, ಐದಕ್ಕೆ ನಿಲ್ಲಿಸೋಣ" ಅಂದೆ.

"ಯಾಕೆ? ಇವತ್ತು ಏಳು."

"ಬೇಡ ತಾತ, ಉಗುರು ನೋಡ್ಕೊಳಿ."

"ಬುಕ್ ಬರ್ದೋರಿಗಿಂತ ನಿಂಗೆ ಜಾಸ್ತಿ ಗೊತ್ತಾ ಟೀಚರಮ್ಮ? ಎಣ್ಸು."

ನನಗೆ ಜಾಸ್ತಿ ಗೊತ್ತಿತ್ತು. ಕಣ್ಣೆದುರಿಗೆ ಕೂತಿದ್ದವರನ್ನು ನೋಡುತ್ತಿದ್ದವಳು ನಾನು. ಆದರೂ ಎಣಿಸಿದೆ. ಆರಕ್ಕೆ ಕುತ್ತಿಗೆಯ ನರ ಎದ್ದವು. ಏಳು ಅಂದೆ. ಅವರು ಗೆದ್ದವರ ಹಾಗೆ ಒಂದು ಬೆರಳು ಎತ್ತಿದರು, ಬೆರಳು ಎತ್ತಿಕೊಂಡೇ ಪಕ್ಕಕ್ಕೆ ಒರಗಿದರು.

ಆಟೋದಲ್ಲಿ ಆಸ್ಪತ್ರೆಗೆ ಕರೆದೊಯ್ದೆವು. ಎರಡು ದಿನಕ್ಕೆ ಎಚ್ಚರವಾಯಿತು. ಆಮೇಲೆ ಆಕ್ಸಿಜನ್ ಸಿಲಿಂಡರಿನ ಜೊತೆ ಮನೆಗೆ ಬಂದರು, ಹಾಸಿಗೆಯಿಂದ ಏಳಲಿಲ್ಲ. ಶ್ವಾಸಕೋಶ ಧೂಳು ಕುಡಿದು ಕಲ್ಲಾಗಿದೆ, ಇದಾಗದಿದ್ದರೂ ಇನ್ನೊಂದು ವರ್ಷವೋ ಎರಡು ವರ್ಷವೋ ಎಂದು ಡಾಕ್ಟರು ಹೇಳಿದರು. ಆ ವರ್ಷವೋ ಎರಡು ವರ್ಷವೋ ಯಾರದ್ದು ಸ್ವಾಮಿ? ತಾತನದ್ದು ತಾನೇ?

ಇದಕ್ಕಿಂತ ದೊಡ್ಡದು ಇನ್ನೊಂದಿದೆ. ತಾತನ ಹೆಂಡತಿ ಚಿಕ್ಕವೆಂಕಟಮ್ಮ. ಆಸ್ಪತ್ರೆಯ ವರಾಂಡದಲ್ಲಿ ನನ್ನ ಕೈ ಹಿಡಿದುಕೊಂಡು ಅತ್ತರು. "ಬರೀ ಒಟ್ಟೇಲಿ ಕಳ್ಸಿದ್ನಲ್ಲೇ ತಾಯಿ. ಒಂದು ಮುದ್ದೆ ತಿನ್ಸಿ ಕಳ್ಸಿದ್ರೆ ಬೀಳ್ತಿರ್ಲಿಲ್ಲ. ಅದ್ಕೇ ತಲೆ ತಿರುಗ್ತು." ಯೋಗಕ್ಕೆ ಬರುವವರು ಬರೀ ಹೊಟ್ಟೆಯಲ್ಲೇ ಬರಬೇಕೆಂದು ಹೇಳಿದ್ದವಳು ನಾನೇ. ತಪ್ಪು ನಿಮ್ಮದಲ್ಲ ಅಜ್ಜಿ ಎಂದು ಹೇಳಲು ಬಾಯಿ ತೆರೆದೆ. ಬರಲಿಲ್ಲ. ಅವರು ಹಾಗೆಯೇ ನಂಬಿದ್ದಾರೆ. ತಾತ ಹೋದ ಮೇಲೂ ಮನೆಗೆ ಬಂದವರಿಗೆಲ್ಲ ಅದನ್ನೇ ಹೇಳುತ್ತಾರೆ, ನಾನು ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತೇನೆ.

ಅವರ ಹೆಸರಿನ ಮುಂದೆ ಕೊನೆಯ ತರಗತಿಯವರೆಗೂ ಹಾಜರಿ ಹಾಕಿದ್ದು ಐದು ಜನ ಬೇಕು ಅನ್ನುವ ನಿಯಮಕ್ಕಾಗಿ. ಅಷ್ಟೇ ಅಂದುಕೊಂಡಿದ್ದೆ. ಆದರೆ ಪ್ರತಿ ದಿನ ಬರೆಯುವಾಗ ತಾತ ಬಂದು ಕೂತಿದ್ದಾರೆ ಎಂದೇ ಅನ್ನಿಸುತ್ತಿತ್ತು. ನೀವು ಉದಾಹರಣೆ ಕೇಳಿದ್ದ ಕಲ್ಪನೆ ಇದೇ ಇರಬೇಕು.

ನನ್ನನ್ನು ಫೇಲು ಮಾಡಿ. ಆ ಪುಸ್ತಕವನ್ನು ಯಾರಿಗೂ ತೋರಿಸಬೇಡಿ.

ಇಂದ್ರಾಣಿ

*

ಬಂಗಾರಪೇಟೆ
6 ಮಾರ್ಚ್ 2024

ಇಂದ್ರಾಣಿಯವರೇ,

ಈ ಕಾಗದ ಕಚೇರಿಯ ಮೂಲಕ ಬರುತ್ತಿಲ್ಲ. ನಿಯಮ ಮುರಿದು ನೇರವಾಗಿ ಬರೆಯುತ್ತಿದ್ದೇನೆ.

ನನ್ನ ಹೆಸರು ಆದಿನಾರಾಯಣ. ವಯಸ್ಸು ಎಪ್ಪತ್ತೊಂದು. ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು. ಬಂಗಾರಪೇಟೆ ಸ್ಟೇಷನ್ನಿನ ಹಿಂದಿನ ಬೀದಿಯಲ್ಲಿ ಒಬ್ಬನೇ ಇದ್ದೇನೆ. ನಿಮ್ಮೂರಿನ ಮೇಲೆ ಹೋಗುವ ಮಾರಿಕುಪ್ಪಂ ಗಾಡಿಯ ಕೂಗು ನನ್ನ ಅಡುಗೆಮನೆಗೆ ಕೇಳಿಸುತ್ತದೆ. ನಿಮ್ಮ ಕಾಗದಗಳು ಇಲ್ಲಿಂದ ಮುನ್ನೂರು ಮೈಲಿ ಆಚೆಯ ಕಚೇರಿಗೆ ಹೋಗಿ, ಅಲ್ಲಿ ವಾರಗಟ್ಟಲೆ ಬಿದ್ದಿದ್ದು, ಮತ್ತೆ ಅರ್ಧ ಗಂಟೆ ದೂರದ ನನ್ನ ಮನೆಗೆ ಬರುತ್ತಿದ್ದವು. ಅದು ನನಗೆ ಮೊದಲ ಕಾಗದದಿಂದಲೇ ಗೊತ್ತಿತ್ತು.

ಆರನೇ ಅಧ್ಯಾಯ ಬರೆದವನು ನಾನು. ಶ್ರೀರಾಮಪ್ಪನವರು ನಂಬಿದ ಆ 'ಬುಕ್ ಬರ್ದೋರು' ನಾನು. ಹಳೆಯ ಗ್ರಂಥಗಳನ್ನು ಮೇಜಿನ ಮೇಲೆ ಹರಡಿಕೊಂಡು ಒಂದು ಬೇಸಿಗೆಯಲ್ಲಿ ಬರೆದದ್ದು. ಉಸಿರಿನ ಬಗ್ಗೆ ಯಾವ ಶಾಸ್ತ್ರದಲ್ಲಿ ಏನಿದೆ ಎಂದು ನಿದ್ದೆಯಲ್ಲೂ ಹೇಳಬಲ್ಲೆ. ಆದರೆ ಕಾಯಿಲೆಯ ಒಬ್ಬ ಮನುಷ್ಯನನ್ನು ಎದುರಿಗೆ ಕೂರಿಸಿಕೊಂಡು ಎಂದೂ ಕಲಿಸಿಲ್ಲ. ಯಾರಿಗೆ ಕಲಿಸಬಾರದು ಎಂದು ಒಂದು ಸಾಲು ಬರೆಯಬೇಕೆಂದು ನನಗೆ ಹೊಳೆಯಲೇ ಇಲ್ಲ. ನೀವು ಕೇಳಿದಾಗ ಹೊಳೆಯಬೇಕಿತ್ತು. ನನ್ನ ಪುಸ್ತಕದ ಬಗ್ಗೆ ವಿದ್ಯಾರ್ಥಿನಿಯೊಬ್ಬಳು ಅನುಮಾನ ಪಟ್ಟಳಲ್ಲ ಎಂದು ಸಿಟ್ಟು ಬಂತು. ಅದೇ ಸಿಟ್ಟಿನಲ್ಲಿ 'ಅಂಜಬೇಕಿಲ್ಲ' ಎಂದು ಬರೆದೆ.

ಅಂದೇ ಗಾಡಿ ಹತ್ತಿ ಬಂದು ಆ ತಾತನನ್ನು ಒಮ್ಮೆ ನೋಡಬಹುದಿತ್ತು. ಯಾಕೆ ಬರಲಿಲ್ಲ ಎಂದು ಒಂದು ತಿಂಗಳಿಂದ ನನ್ನನ್ನೇ ಕೇಳಿಕೊಳ್ಳುತ್ತಿದ್ದೇನೆ. ಮೊದಲು ನಿಯಮ ಅಡ್ಡ ಬಂತು. ಎರಡನೇ ಕಾಗದದ ನಂತರ ನಿಯಮವಲ್ಲ. ನಾನು ಬಂದು ಎದುರಿಗೆ ನಿಂತರೆ ನೀವು ಬರೆಯುವುದನ್ನು ನಿಲ್ಲಿಸುತ್ತೀರಿ ಎಂಬ ಹೆದರಿಕೆ. ಈ ಮನೆಗೆ ಕರೆಂಟು ಬಿಲ್ಲು ಬಿಟ್ಟರೆ ಬರುತ್ತಿದ್ದದ್ದು ನಿಮ್ಮ ಕಾಗದವೊಂದೇ. ಇದು ಹೇಳಿಕೊಳ್ಳುವಂಥ ಕಾರಣವಲ್ಲ. ಆದರೆ ಇದೇ ಕಾರಣ.

ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಚಾಂಪಿಯನ್ ಸ್ಟೇಷನ್ನಿನಲ್ಲಿ ಇಳಿದು ನಿಮ್ಮ ಶೆಡ್ಡಿನವರೆಗೂ ಬಂದೆ. ಗೋಡೆಯ ಹೊರಗೆ ನಿಂತಿದ್ದೆ. ಒಳಗೆ ನಾಲ್ವರು ಉಸಿರಾಡುವುದು ಕೇಳುತ್ತಿತ್ತು. ನೀವು ಎಣಿಸುತ್ತಿರಲಿಲ್ಲ. "ನಿಮ್ಗೆ ಎಷ್ಟಾಗ್ತದೋ ಅಷ್ಟು" ಎಂದಿರಿ. ಒಳಗೆ ಬರಲು ಧೈರ್ಯವಾಗದೆ ವಾಪಸು ಹೋದೆ.

ಮಾರ್ಗದರ್ಶಕನ ಕೆಲಸ ಬಿಟ್ಟಿದ್ದೇನೆ. ದಾಖಲೆ ಪುಸ್ತಕವನ್ನು ಹಿಂದಕ್ಕೆ ತರಿಸಿಕೊಂಡು ಇದರ ಜೊತೆ ಕಳಿಸಿದ್ದೇನೆ. ನಿಮ್ಮ ಅಂಕ ರದ್ದಾಗಿದೆ, ಮುಂದಿನ ವರ್ಷ ಮತ್ತೆ ಕೂರಬಹುದು. ಚಿಕ್ಕವೆಂಕಟಮ್ಮನವರನ್ನು ನಾನು ಒಮ್ಮೆ ಕಾಣಬಹುದೇ?

ಆದಿನಾರಾಯಣ

*

ಚಾಂಪಿಯನ್ ರೀಫ್ಸ್
15 ಮಾರ್ಚ್ 2024

ಮೇಷ್ಟ್ರೇ,

ಬರಬೇಡಿ.

ಅರ್ಧ ಗಂಟೆ! ಏಳರ ಗಾಡಿ ತಡವಾಗುತ್ತದೆ ಎಂದು ನೀವು ಬರೆದಾಗಲೇ ನನಗೆ ಹೊಳೆಯಬೇಕಿತ್ತು. ನಾನು ಆಗಸ್ಟ್ ತಿಂಗಳೆಲ್ಲ ದಿನಕ್ಕೆ ಎರಡು ಸಲ ಅಂಚೆಯವರ ದಾರಿ ನೋಡಿದೆ. ನೀವು ಎಲ್ಲೋ ದೂರದ ಆಶ್ರಮದಲ್ಲಿ, ನದಿ ದಂಡೆಯಲ್ಲಿ ಕೂತಿರುವ ದೊಡ್ಡವರು, ಪುರುಸೊತ್ತಾದಾಗ ಬರೆಯುತ್ತಾರೆ ಎಂದು ಕಲ್ಪಿಸಿಕೊಂಡಿದ್ದೆ. ನೀವು ಅಡುಗೆಮನೆಯಲ್ಲಿ ನಮ್ಮ ಗಾಡಿಯ ಸದ್ದು ಕೇಳುತ್ತಾ ಕೂತಿದ್ದಿರಿ.

ಒಂಟಿತನ ನಿಮಗೊಬ್ಬರಿಗೇ ಇಲ್ಲ. ನನಗೂ ಇದೆ. ತಾತ ನನ್ನನ್ನು ಟೀಚರಮ್ಮ ಅಂದಿದ್ದಕ್ಕೇ ನಾನು ಏಳರವರೆಗೆ ಎಣಿಸಿದ್ದು. ಬೇಡ ಎಂದು ಗಟ್ಟಿಯಾಗಿ ಹೇಳಿ ಮುಂದಿನ ದಿನ ಅವರು ಬರದಿದ್ದರೆ ಅನ್ನುವ ಭಯಕ್ಕೆ. ನಿಮ್ಮದೂ ನನ್ನದೂ ಒಂದೇ ತಪ್ಪು. ಅದಕ್ಕೇ ನಿಮ್ಮ ಮುಖ ನೋಡಲು ಇಷ್ಟವಿಲ್ಲ.

ಇಂದ್ರಾಣಿ

*

ಬಂಗಾರಪೇಟೆ
20 ಏಪ್ರಿಲ್ 2024

ಇಂದ್ರಾಣಿಯವರೇ,

ಬರುವುದಿಲ್ಲ. ಇದಕ್ಕೆ ಉತ್ತರವನ್ನೂ ಬರೆಯಬೇಕಿಲ್ಲ. ಒಂದು ವಿಷಯ ತಿಳಿಸುವುದು ನನ್ನ ಕರ್ತವ್ಯ.

ಆರನೇ ಅಧ್ಯಾಯ ತೆಗೆಯಲು ಕೇಂದ್ರಕ್ಕೆ ಬರೆದೆ. ಮುಂದಿನ ಮುದ್ರಣದಲ್ಲಿ ನೋಡೋಣ ಎಂದರು. ಆ ಪುಸ್ತಕ ಓದಿ ಶಿಕ್ಷಕರಾದವರು ಇದುವರೆಗೆ ಇನ್ನೂರ ಹದಿನಾಲ್ಕು ಮಂದಿ. ಅವರ ವಿಳಾಸಗಳು ನನ್ನ ಹಳೆಯ ರಿಜಿಸ್ಟರಿನಲ್ಲಿವೆ. ಒಬ್ಬೊಬ್ಬರಿಗೂ ಕಾಗದ ಬರೆಯುತ್ತಿದ್ದೇನೆ. ಎಂಟರವರೆಗೆ ಹಿಡಿಸುವ ಪುಟ ಹೊಡೆದು ಹಾಕಿ, ಎದೆಯ ಕಾಯಿಲೆ ಇರುವವರಿಗೆ ಉಸಿರು ಹಿಡಿಸಲೇಬೇಡಿ, ಇದನ್ನು ಬರೆದವನೇ ಹೇಳುತ್ತಿದ್ದೇನೆ ಎಂದು. ಅಚ್ಚು ಹಾಕಿಸಿ ಕಳಿಸಬಹುದಿತ್ತು. ಅಚ್ಚಾದದ್ದನ್ನು ಜನ ಓದದೆ ಇಟ್ಟುಬಿಡುತ್ತಾರೆ. ಕೈಯಲ್ಲೇ ಬರೆಯುವುದರಿಂದ ದಿನಕ್ಕೆ ಮೂರು ನಾಲ್ಕು ಆಗುತ್ತವೆ. ಎಪ್ಪತ್ತು ಮುಗಿದಿವೆ. ಹದಿನೆಂಟು ಜನ ಉತ್ತರ ಬರೆದಿದ್ದಾರೆ. ಒಬ್ಬರು, ತಮ್ಮ ತರಗತಿಯಲ್ಲೂ ಒಬ್ಬ ಹೆಂಗಸು ಕುಸಿದಿದ್ದಳು, ಪುಣ್ಯಕ್ಕೆ ಉಳಿದಳು ಎಂದು ತಿಳಿಸಿದ್ದಾರೆ.

ಆದಿನಾರಾಯಣ

*

ಚಾಂಪಿಯನ್ ರೀಫ್ಸ್
28 ಜೂನ್ 2024

ಮೇಷ್ಟ್ರೇ,

ನಿಮ್ಮ ಏಪ್ರಿಲ್ ಕಾಗದ ಬಂದ ವಾರವೇ ಚಿಕ್ಕವೆಂಕಟಮ್ಮನವರಿಗೆ ಎಲ್ಲ ಹೇಳಿದೆ. ನೀವು ಗೊತ್ತಿಲ್ಲದ ಇನ್ನೂರು ಜನಕ್ಕೆ ಹೇಳುತ್ತಿದ್ದೀರಿ. ನಾನು ಮೂರನೇ ಮನೆಯವರಿಗೆ ಹೇಳಲಾರದೆ ಕೂತಿದ್ದೆ.

ಅಜ್ಜಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಪಕ್ಕದಲ್ಲಿ ಕೂತು ನಾನೂ ಬಿಡಿಸುತ್ತಾ ಹೇಳಿದೆ. ಉಸಿರು ಹಿಡಿಸಿದ್ದು, ಉಗುರು ಬಣ್ಣ ತಿರುಗಿದ್ದನ್ನು ನೋಡಿಯೂ ಎಣಿಸಿದ್ದು, ಬರೀ ಹೊಟ್ಟೆಯಲ್ಲಿ ಬರಲು ನಾನೇ ಹೇಳಿದ್ದು. ಅವರು ಕೈ ನಿಲ್ಲಿಸಲಿಲ್ಲ. ಬಿಡಿಸುತ್ತಲೇ ಕೇಳಿದರು.

"ಅಂಗಾರೆ, ನಾನು ಮುದ್ದೆ ತಿನ್ಸಿ ಕಳ್ಸಿದ್ರೂ ಬೀಳ್ತಿದ್ನಾ?"

"ಹೌದು ಅಜ್ಜಿ. ಮುದ್ದೆಗೂ ಅದಕ್ಕೂ ಸಂಬಂಧ ಇಲ್ಲ."

"ಆವತ್ತಿಂದ ಬೆಳಗ್ಗೆ ಒತ್ತು ಒಲೆ ಅಂಟಿಸಿಲ್ಲ ಕಣೆ ನಾನು" ಅಂದರು. "ಆಯಪ್ಪಂಗಿಲ್ದಿದ್ದು ನಂಗ್ಯಾಕೆ ಅಂತ. ಎಂಟು ತಿಂಗ್ಳಾಯ್ತು. ದಿನಾ ಬತ್ತಿದ್ದೆ ನೀನು, ನೋಡ್ತಿದ್ದೆ. ಏಳ್ಬಾರ್ದಾ ನೀನು?"

ಕೈಯಲ್ಲಿದ್ದ ಹುಣಸೆಹಣ್ಣು ಕೆಳಗಿಟ್ಟೆ. "ಓಗು" ಅಂದರು. ಬಂದುಬಿಟ್ಟೆ. ಎರಡು ತಿಂಗಳು ನನ್ನ ಮುಖ ಕಂಡರೆ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಒಂದು ಭಾನುವಾರ ಯಜಮಾನರು, ಯಾಕೆ ಹೀಗಿದ್ದೀಯ ಎಂದು ಕೇಳಿದರು. ಎಷ್ಟೋ ವರ್ಷದ ಮೇಲೆ ಕೇಳಿದ್ದರು, ಅದಕ್ಕೆ ಎಲ್ಲ ಹೇಳಿದೆ. ಪೂರ್ತಿ ಕೇಳಿಸಿಕೊಂಡರು. ಆವತ್ತು ಮಧ್ಯಾಹ್ನ ಮಲಗಲೂ ಇಲ್ಲ.

ಮೊನ್ನೆ ನೀರಿನ ಟ್ಯಾಂಕರಿನ ಹತ್ತಿರ ಅಜ್ಜಿಯೇ ಮಾತಾಡಿಸಿದರು. "ಆ ಬುಕ್ ಬರ್ದೋನು ಎಲ್ಲವ್ನೆ?" ಎಂದರು.

"ಬಂಗಾರಪೇಟೆಯಲ್ಲಿ ಅಜ್ಜಿ."

"ಇಲ್ಲೇನಾ? ನಾನೆಲ್ಲೋ ದಿಲ್ಲಿ ಅಂದ್ಕಂಡಿದ್ದೆ. ಬರೇಳು."

ಆದ್ದರಿಂದ ಬರೆಯುತ್ತಿದ್ದೇನೆ. ಮಂಗಳವಾರ ಬನ್ನಿ, ಅವತ್ತು ಅವರು ಎಲ್ಲಿಗೂ ಹೋಗುವುದಿಲ್ಲ. ಸ್ಟೇಷನ್ನಿನಿಂದ ಎಡಕ್ಕೆ ಬಂದರೆ ಮಾರಮ್ಮನ ಗುಡಿ, ಅದರ ಹಿಂದಿನ ಲೈನಿನಲ್ಲಿ ಕೊನೆಯಿಂದ ಎರಡನೇ ಮನೆ. ನಾನು ಜೊತೆಗೆ ಬರುವುದಿಲ್ಲ. ನಾನು ಒಬ್ಬಳೇ ಹೋಗಿ ಹೇಳಿದೆ. ನೀವೂ ಒಬ್ಬರೇ ಹೋಗಿ.

ಇಂದ್ರಾಣಿ

*

ಬಂಗಾರಪೇಟೆ
10 ಜುಲೈ 2024

ಇಂದ್ರಾಣಿಯವರೇ,

ನಿನ್ನೆ ಹೋಗಿದ್ದೆ.

ಮನೆಯ ಬಾಗಿಲು ತೆರೆದಿತ್ತು. ಯಾರೆಂದು ಹೇಳಬೇಕಾಗಲಿಲ್ಲ. ಒಂದು ಮುರಿದ ಸ್ಟೂಲು ಹೊರಗಿಟ್ಟು ಚಿಕ್ಕವೆಂಕಟಮ್ಮನವರು ಹೊಸಲಿನ ಮೇಲೆ ಕೂತರು. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡು ಹೋಗಿದ್ದೆ. "ತಪ್ಪಾಯಿತು ತಾಯಿ" ಅಂದೆ, ಅಷ್ಟೇ. ಅದೂ ಸರಿಯಾಗಿ ಕೇಳಿಸಿತೋ ಇಲ್ಲವೋ.

ಅವರು ಕೇಳಿದರು, "ನೀವು ಬುಕ್ ಬರೀವಾಗ ಆಯಪ್ಪನ ಕೆಮ್ಮು ನಿಮ್ಗೆ ಕೇಳಿಸ್ತಿತ್ತಾ ಸ್ವಾಮಿ?"

"ಇಲ್ಲ."

"ಕೇಳ್ಸಿದ್ರೆ ಬರೀತಿರ್ಲಿಲ್ಲ ಬುಡಿ."

ಇದು ಕ್ಷಮೆಯೋ ತೀರ್ಪೋ ನನಗೆ ಗೊತ್ತಾಗಲಿಲ್ಲ. ಅವರು ಒಳಗೆ ಹೋದರು. ಸೀಮೆಎಣ್ಣೆ ವಾಸನೆ ಬಂತು, ಒಲೆ ಅಂಟಿಸಿದರೆಂದು ಗೊತ್ತಾಯಿತು. ಒಂದು ಲೋಟ ಟೀ ತಂದು ನನ್ನ ಮುಂದೆ ಇಟ್ಟರು. ಕುಡಿಯುವಾಗ, ಗಣಿಯಿಂದ ಬಂದ ದಿನಗಳಲ್ಲಿ ಶ್ರೀರಾಮಪ್ಪನವರ ರೆಪ್ಪೆಗಳ ಮೇಲೆಲ್ಲ ಬಿಳಿ ಧೂಳು ಕೂತಿರುತ್ತಿತ್ತು, ತಾವೇ ಒದ್ದೆ ಬಟ್ಟೆಯಿಂದ ಒರೆಸುತ್ತಿದ್ದುದಾಗಿ ಹೇಳಿದರು. ಮೂಗಿನೊಳಗೆ ಹೋದದ್ದನ್ನು ಒರೆಸಲಾಗಲಿಲ್ಲ ನೋಡಿ ಎಂದರು.

ನಾನು ಏಳುವಾಗ ಅವರೂ ಎದ್ದು ನಿಂತರು. ಸೆರಗು ಸರಿಮಾಡಿಕೊಂಡು "ಓಗ್ಬುಟ್ ಬನ್ನಿ" ಎಂದರು.

ನಮ್ಮ ಕಡೆ ಮನೆಗೆ ಬಂದ ಯಾರಿಗಾದರೂ ಹಾಗೆಯೇ ಹೇಳುತ್ತಾರೆ, ಬರೀ ಹೋಗು ಎನ್ನುವುದಿಲ್ಲ. ಅದು ಮಾತಿನ ರೂಢಿ, ಅಷ್ಟೇ. ಹಾಗೆಂದು ಗಾಡಿಯಲ್ಲಿ ಬಂಗಾರಪೇಟೆಯವರೆಗೂ ನನಗೆ ನಾನೇ ಹೇಳಿಕೊಂಡು ಬಂದೆ. ಮನೆಯ ಬೀಗ ತೆಗೆದು ಒಳಗೆ ಬಂದ ಮೇಲೂ ಕತ್ತಲಲ್ಲೇ ನಿಂತು ಇನ್ನೊಮ್ಮೆ ಹೇಳಿಕೊಂಡೆ.

ಮುಂದಿನ ಮಂಗಳವಾರವೂ ಅವರು ಮನೆಯಲ್ಲೇ ಇರುತ್ತಾರೆಯೇ?

ಆದಿನಾರಾಯಣ